ಚಿನ್ನದ ಬಣ್ಣಕ್ಕೆ ತಿರುಗಿದ ಅಂಚು: ಒಂದು ಲೇಸರ್ ಆರ್ಡರ್‌ನ ಪ್ರಕರಣ ಅಧ್ಯಯನ

ಆರ್ಡರ್‌ನಲ್ಲಿ ಮೂರು ಐಟಂ ಇದ್ದವು. ಮೊದಲನೆಯದು 4 ಮಿ.ಮೀ. ದಪ್ಪದ 6061-ಟಿ6 ಅಲ್ಯೂಮಿನಿಯಂ ಬ್ರಾಕೆಟ್, 320 ಪೀಸ್. ಒಂದೊಂದರಲ್ಲೂ ಆರು ತೂತು, ಎಲ್ಲದಕ್ಕೂ ಎಂ4 ಥ್ರೆಡ್, ಅಂದರೆ 4 ಮಿ.ಮೀ. ಸ್ಕ್ರೂ ಕೂರುವ ಒಳಸುತ್ತು. ಎರಡನೆಯದು 1.6 ಮಿ.ಮೀ. ದಪ್ಪದ ಗ್ರೇಡ್ 5 ಟೈಟಾನಿಯಂ ಕ್ಲಿಪ್, 40 ಪೀಸ್. ಅದನ್ನು ಕತ್ತರಿಸಿ 8 ಮಿ.ಮೀ. ರೇಡಿಯಸ್‌ನಲ್ಲಿ 90 ಡಿಗ್ರಿ ಬಗ್ಗಿಸಬೇಕಿತ್ತು. ಮೂರನೆಯದು 1 ಮಿ.ಮೀ. ದಪ್ಪದ ಟೈಟಾನಿಯಂ ತಟ್ಟೆ. ಅದರಲ್ಲಿ ಅರ್ಧ ಮಿ.ಮೀ. ಅಳತೆಯ 2,400 ತೂತು ಕೊರೆಯಬೇಕಿತ್ತು.

ನಮ್ಮದು ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿರುವ ಸಣ್ಣ ಜಾಬ್ ಶಾಪ್, ಬೇರೆಯವರ ಆರ್ಡರ್‌ಗೆ ಪೀಸ್ ಮಾಡಿಕೊಡುವುದು. ತಗಡು ಕತ್ತರಿಸುವ ಒಂದು 3 ಕಿಲೋವ್ಯಾಟ್ ಫೈಬರ್ ಲೇಸರ್, ಒಂದು ಬೆಂಡಿಂಗ್ ಮಷೀನ್, ನಾಲ್ಕೈದು ಡ್ರಿಲ್ಲಿಂಗ್ ಮಷೀನ್ ಇವೆ. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಮೈಲ್ಡ್ ಸ್ಟೀಲ್ ಮತ್ತು ಸ್ಟೇನ್‌ಲೆಸ್. ಅಲ್ಯೂಮಿನಿಯಂ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು, ಅದೂ ಪ್ಯಾನಲ್, ನೇಮ್ ಪ್ಲೇಟ್ ಥರದ್ದು. ಟೈಟಾನಿಯಂ ಅನ್ನು ಅಲ್ಲಿಯವರೆಗೆ ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಪ್ರೋಗ್ರಾಂ ಮತ್ತು ನೆಸ್ಟಿಂಗ್, ಅಂದರೆ ಶೀಟ್ ಮೇಲೆ ಪೀಸ್‌ಗಳನ್ನು ಜೋಡಿಸುವುದು, ನನ್ನ ಕೆಲಸ. ಹಾಗಾಗಿ ಮುಂದೆ ಹೇಳುವ ತಪ್ಪುಗಳಲ್ಲಿ ದೊಡ್ಡ ಪಾಲು ನನ್ನದೇ.

ಇದನ್ನೆಲ್ಲ ಬರೆಯಲು ಕಾರಣ ಇದೆ. ಫೈಬರ್ ಲೇಸರ್ ಬಂದ ಮೇಲೆ ಸ್ಟೀಲ್ ಕತ್ತರಿಸುತ್ತಿದ್ದ ಎಷ್ಟೋ ಶಾಪ್‌ಗಳು ಹಗುರ ಲೋಹದ ಕೆಲಸಕ್ಕೂ ಕೈ ಹಾಕುತ್ತಿವೆ. ಮಷೀನ್ ಜೊತೆ ಪ್ಯಾರಾಮೀಟರ್ ಚಾರ್ಟ್ ಬರುತ್ತದೆ. ಇಷ್ಟು ಪವರ್, ಇಷ್ಟು ಸ್ಪೀಡ್ ಅಂತ ಅದು ಹೇಳುತ್ತದೆ. ಯಾಕೆ ಅಂತ ಹೇಳುವುದಿಲ್ಲ. ಆ "ಯಾಕೆ" ಗೊತ್ತಿಲ್ಲದ್ದರಿಂದಲೇ ನಾವು ಒಂದು ಲೋಹದಲ್ಲಿ ಕಲಿತ ಪಾಠವನ್ನು ಇನ್ನೊಂದಕ್ಕೆ ಹಾಗೇ ಹಾಕಿ ಕೈ ಸುಟ್ಟುಕೊಂಡೆವು.

ಅಲ್ಯೂಮಿನಿಯಂ: ಮುರಿಯುತ್ತಲೇ ಹೋದ ಟ್ಯಾಪ್

ಲೇಸರ್ ಕರಗಿಸಿದ ಲೋಹವನ್ನು ಹೊರಗೆ ತಳ್ಳಲು ಬೀಮ್ ಜೊತೆ ಒಂದು ಗ್ಯಾಸ್ ಊದಬೇಕು. ಬ್ರಾಕೆಟ್ ಅನ್ನು ಕಂಪ್ರೆಸರ್ ಗಾಳಿಯಲ್ಲೇ ಕತ್ತರಿಸೋಣ ಅಂತ ತೀರ್ಮಾನವಾಯಿತು. ಗಾಳಿಯಲ್ಲಿ ಹೇಗೂ ನೂರಕ್ಕೆ 78 ಭಾಗ ಸಾರಜನಕ ಇದೆ. ಸಿಲಿಂಡರ್ ಖರ್ಚು ಉಳಿಯುತ್ತದೆ. ಸ್ಯಾಂಪಲ್ ಕತ್ತರಿಸಿದೆವು, ಅಳತೆ ಸರಿಯಾಗಿ ಬಂತು, ಗ್ರಾಹಕರು ಒಪ್ಪಿದರು. ರಾತ್ರಿ ಪಾಳಿಯಲ್ಲಿ 110 ಪೀಸ್ ಓಡಿಸಿದೆವು.

ಬೆಳಿಗ್ಗೆ ಬಂದು ನೋಡಿದರೆ ಪ್ರತಿ ಪೀಸಿನ ಕೆಳಗಿನ ಅಂಚಲ್ಲೂ ಬರ್, ಅಂದರೆ ಕರಗಿ ಅಂಟಿಕೊಂಡ ಲೋಹ, ನೇತಾಡುತ್ತಿತ್ತು. ಮೇಣದಬತ್ತಿಯಿಂದ ಇಳಿದ ಮೇಣ ಗಟ್ಟಿಯಾಗುತ್ತದಲ್ಲ, ಹಾಗೆ. ಅರ ಹಾಕಿ ತೆಗೆಯಲು ಇಬ್ಬರು ಹುಡುಗರನ್ನು ಕೂರಿಸಿದೆವು. ಬರ್ ಹೋಯಿತು. ಆಮೇಲೆ ಟ್ಯಾಪಿಂಗ್ ಶುರುವಾಯಿತು, ಅಂದರೆ ಟ್ಯಾಪ್ ಅನ್ನುವ ಟೂಲ್ ತಿರುಗಿಸಿ ತೂತಿನೊಳಗೆ ಥ್ರೆಡ್ ಕೊರೆಯುವುದು.

ನಮ್ಮಲ್ಲಿ ಟ್ಯಾಪಿಂಗ್ ಮಾಡುವವರು ಶಾಪ್‌ನ ಅತಿ ಹಿರಿಯ ಆಪರೇಟರ್. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. ಮೂರನೇ ಪೀಸಿಗೆ ಟಕ್ ಅಂತ ಒಂದು ಟ್ಯಾಪ್ ಮುರಿಯಿತು. ಹೊಸದು ಹಾಕಿದರು. ಇನ್ನು ಹತ್ತು ತೂತು ಆಗುವಷ್ಟರಲ್ಲಿ ಅದೂ ಹೋಯಿತು. ಅಣ್ಣ ಮಷೀನ್ ನಿಲ್ಲಿಸಿ ನನ್ನನ್ನು ಕರೆದರು.

"ಸಾರ್, ಅಲ್ಯೂಮಿನಿಯಂ ಅಂದ್ರೆ ಬೆಣ್ಣೆ ಹಾಗೆ ಹೋಗಬೇಕು. ಇದು ಕಿರ್ ಅಂತಿದೆ. ಕೇಳಿ ನೀವೇ."

ಅವರು ಕೈಯಲ್ಲಿ ಟ್ಯಾಪ್ ತಿರುಗಿಸಿದರು. ನಿಜ, ಮರಳಿನ ಮೇಲೆ ಕಬ್ಬಿಣ ಉಜ್ಜಿದಂಥ ಸದ್ದು. ತೂತಿನ ಅಳತೆ 3.3 ಮಿ.ಮೀ., ಎಂ4 ಟ್ಯಾಪ್‌ಗೆ ಇರಬೇಕಾದ್ದೇ. ಅಳತೆ ತಪ್ಪಿಲ್ಲ. ಹಾಗಾದರೆ ತಪ್ಪಿದ್ದು ತೂತಿನ ಗೋಡೆಯಲ್ಲಿ.

ಶುದ್ಧ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. 6061 ಮಿಶ್ರಲೋಹ ಇನ್ನೂ ಬೇಗ, 582ಕ್ಕೆ ಶುರುವಾಗಿ 652ಕ್ಕೆ ಪೂರ್ತಿ ಕರಗುತ್ತದೆ. ಆದರೆ ಅದರ ಮೇಲೆ ಆಮ್ಲಜನಕ ಸೇರಿ ಆಗುವ ಪದರ, ಅಂದರೆ ಅಲ್ಯೂಮಿನಾ, ಕರಗುವುದು 2,072 ಡಿಗ್ರಿಗೆ. ಕಾದ ಹಾಲನ್ನು ಲೋಟಕ್ಕೆ ಬಗ್ಗಿಸುವಾಗ ಕೆನೆ ಅಡ್ಡ ಬಂದು ಹಾಲನ್ನು ತಡೆಯುವುದನ್ನು ನೋಡಿದ್ದೀರಿ ಅಲ್ವಾ? ಇಲ್ಲೂ ಅದೇ ಕಥೆ. ಒಳಗಿನ ಲೋಹ ನೀರಾಗಿರುತ್ತದೆ. ಹೊರಗೆ ಕರಗದ ತೆಳು ಚರ್ಮ ಇರುತ್ತದೆ. ಗ್ಯಾಸ್ ಎಷ್ಟು ಊದಿದರೂ ಆ ಚರ್ಮ ಲೋಹವನ್ನು ಚೀಲದ ಹಾಗೆ ಹಿಡಿದುಕೊಂಡು ಕೆಳಗಿನ ಅಂಚಿಗೆ ಜೋತು ಬೀಳುತ್ತದೆ. ಅದೇ ನಾವು ಕಂಡ ಬರ್.

ಟ್ಯಾಪ್ ಮುರಿದದ್ದಕ್ಕೂ ಅದೇ ಕಾರಣ. ಗ್ರೈಂಡಿಂಗ್ ವೀಲ್‌ನಲ್ಲಿ ಅಂಟಿಸುವ ಕಣ ಇದೇ ಅಲ್ಯೂಮಿನಾ. ಗಾಳಿಯಲ್ಲಿರುವ 21 ಭಾಗ ಆಮ್ಲಜನಕ ಪ್ರತಿ ತೂತಿನ ಒಳಗೋಡೆಗೂ ಒಂದು ತೆಳುವಾದ ಉಜ್ಜುಕಾಗದ ಅಂಟಿಸಿಟ್ಟಿತ್ತು. ಅಣ್ಣನ ಟ್ಯಾಪ್ ಅದರೊಳಗೆ ತಿರುಗುತ್ತಿತ್ತು.

ಬರ್ ನೋಡಿ ನಾನು ಮೊದಲು ಮಾಡಿದ್ದು ಸ್ಪೀಡ್ ಇಳಿಸಿದ್ದು. ಪೂರ್ತಿ ಕರಗುತ್ತಿಲ್ಲ, ಸ್ವಲ್ಪ ನಿಧಾನ ಹೋದರೆ ಸರಿಹೋಗುತ್ತದೆ ಅಂದುಕೊಂಡೆ. ಸ್ಟೀಲ್‌ನಲ್ಲಿ ಕೆಲವೊಮ್ಮೆ ಹಾಗೆ ಆಗುವುದುಂಟು. ಇಲ್ಲಿ ಬರ್ ಇನ್ನೂ ಜಾಸ್ತಿಯಾಯಿತು. 6061-ಟಿ6ರ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 167 ವ್ಯಾಟ್. ಮೈಲ್ಡ್ ಸ್ಟೀಲ್‌ನದು ಸುಮಾರು 50. ಅಲ್ಯೂಮಿನಿಯಂನಲ್ಲಿ ನಿಧಾನ ಮಾಡಿದರೆ ಶಾಖ ಕಟ್ ಲೈನ್‌ನಲ್ಲಿ ನಿಲ್ಲುವುದಿಲ್ಲ, ಅಕ್ಕಪಕ್ಕಕ್ಕೆ ಹರಿದುಹೋಗುತ್ತದೆ. ಕಟ್ ಅಗಲವಾಗುತ್ತದೆ, ಕರಗಿದ ಲೋಹ ಜಾಸ್ತಿಯಾಗುತ್ತದೆ, ಹೊರಗೆ ತಳ್ಳುವುದು ಇನ್ನೂ ಕಷ್ಟವಾಗುತ್ತದೆ.

ಇನ್ನೊಂದು ತೊಂದರೆ ಬೆಳಕು ವಾಪಸ್ ಬರುವುದು. ಫೈಬರ್ ಲೇಸರ್‌ನ ತರಂಗಾಂತರ ಸುಮಾರು 1.07 ಮೈಕ್ರಾನ್. ತಣ್ಣಗಿರುವ ಹೊಳಪಿನ ಅಲ್ಯೂಮಿನಿಯಂ ಆ ಬೆಳಕಿನ 90 ಭಾಗಕ್ಕೂ ಹೆಚ್ಚನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ. ಹಳೆಯ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ 10.6 ಮೈಕ್ರಾನ್‌ನಲ್ಲಿ ಇದು ಇನ್ನೂ ಜಾಸ್ತಿ. ಪಿಯರ್ಸಿಂಗ್, ಅಂದರೆ ಕಟ್ ಶುರುಮಾಡಲು ಲೋಹವನ್ನು ತೂರಿಸುವ ಕ್ಷಣವೇ ಅಪಾಯದ್ದು. ಲೋಹ ಇನ್ನೂ ಕರಗಿಲ್ಲ, ಬೀಮ್ ನೇರ ಕೆಳಗೆ ಬಿದ್ದು ನೇರ ಮೇಲಕ್ಕೇ ಬರುತ್ತದೆ. ಆ ರಾತ್ರಿ ಎರಡು ಸಲ ಅಲಾರಂ ಬಂದು ಮಷೀನ್ ನಿಂತಿತ್ತು. ಲೆನ್ಸ್ ಕಾಯುವ ಒಂದು ಪ್ರೊಟೆಕ್ಷನ್ ಗ್ಲಾಸ್ ಕೂಡ ಹೋಗಿತ್ತು. ಒಮ್ಮೆ ಮೇಲ್ಮೈ ಕರಗಿ ಕುಳಿ ಬಿದ್ದರೆ ಬೆಳಕು ಒಳಗೇ ಸಿಕ್ಕಿಕೊಳ್ಳುತ್ತದೆ, ಆಮೇಲೆ ತೊಂದರೆ ಕಡಿಮೆ.

ಎರಡನೇ ದಿನ ನಾವು ಸಮಾಧಾನದಿಂದ ಕೂತು ಟ್ರಯಲ್ ಹಾಕಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಗ್ಯಾಸ್: ಗಾಳಿ ಬಿಟ್ಟು ಸಿಲಿಂಡರ್ ಸಾರಜನಕ. ಅದರಲ್ಲೇ ಅರ್ಧ ಬರ್ ಹೋಯಿತು. ಆಮೇಲೆ ಒತ್ತಡ: 8 ಬಾರ್, 10, 12, 14. ಆಮೇಲೆ ಫೋಕಸ್, ಅಂದರೆ ಬೀಮ್ ಚುಕ್ಕಿಯಾಗಿ ಸೇರುವ ಜಾಗ: ಶೀಟ್ ಮೇಲ್ಮೈಯಿಂದ 1 ಮಿ.ಮೀ. ಕೆಳಗೆ, 2, 2.5, 3. ಪ್ರತಿ ಟ್ರಯಲ್‌ಗೂ 30 ಮಿ.ಮೀ. ಚೌಕ ಕತ್ತರಿಸಿ ಅದರ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದು ಟೇಬಲ್ ಮೇಲೆ ಸಾಲಾಗಿ ಇಟ್ಟೆವು. ನಮ್ಮ ಮಷೀನ್‌ಗೆ ಹೊಂದಿದ್ದು 14 ಬಾರ್, 2.5 ಮಿ.ಮೀ. ನಾಝಲ್, ಫೋಕಸ್ 2.5 ಮಿ.ಮೀ. ಕೆಳಗೆ, ನಿಮಿಷಕ್ಕೆ ಸುಮಾರು 4 ಮೀಟರ್ ಸ್ಪೀಡ್. ನಿಮ್ಮ ಮಷೀನ್‌ಗೆ ಅಂಕಿ ಬೇರೆ ಬರಬಹುದು. ಆದರೆ ದಿಕ್ಕು ಇದೇ: ಒತ್ತಡ ಜಾಸ್ತಿ, ಫೋಕಸ್ ಲೋಹದ ಒಳಗೆ, ಕೈ ಚುರುಕು. ಉಳಿದ ಸಣ್ಣ ಬರ್ ಉಗುರಲ್ಲಿ ಮೀಟಿದರೆ ಉದುರುತ್ತಿತ್ತು.

ಗ್ಯಾಸ್ ಇಷ್ಟು ಮುಖ್ಯ ಅಂತ ನನಗೆ ಆಗ ಹೊಳೆದದ್ದು. ಲೇಸರ್ ಕಟಿಂಗ್‌ನ ಇತಿಹಾಸ ತೆಗೆದರೂ ಅದೇ ಕಾಣುತ್ತದೆ. ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರ ಮೇ 16ರಂದು. ಆದರೆ ಲೋಹದ ತಗಡನ್ನು ನಾವು ಈಗ ಮಾಡುವ ಹಾಗೆ ಕತ್ತರಿಸುವ ದಾರಿ ಸಿಕ್ಕಿದ್ದು 1967ರಲ್ಲಿ. ಇಂಗ್ಲೆಂಡಿನಲ್ಲಿ ಪೀಟರ್ ಹೋಲ್ಡ್‌ಕ್ರಾಫ್ಟ್ ಲೇಸರ್ ಬೀಮ್ ಜೊತೆಗೇ ಆಮ್ಲಜನಕದ ಧಾರೆ ಊದಿ 1 ಮಿ.ಮೀ. ಸ್ಟೀಲ್ ಕತ್ತರಿಸಿದರು. ಬೀಮ್ ಕರಗಿಸುತ್ತದೆ, ಗ್ಯಾಸ್ ಹೊರಗೆ ತಳ್ಳುತ್ತದೆ. ಎರಡೂ ಸೇರಿದರೇ ಕಟ್.

ತೂತಿನ ವಿಷಯದಲ್ಲಿ ಇನ್ನೊಂದು ಹೆಜ್ಜೆ ಬೇಕಾಯಿತು. ಸಾರಜನಕದಲ್ಲಿ ಕತ್ತರಿಸಿದ ತೂತನ್ನೂ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದೆವು. ಗೋಡೆಯಲ್ಲಿ ಕರಗಿ ಮತ್ತೆ ಗಟ್ಟಿಯಾದ ತೆಳು ಪದರ, ಅದರಲ್ಲಿ ಅಲ್ಲಲ್ಲಿ ಕೂದಲೆಳೆಯಂಥ ಬಿರುಕು. 6061ರ ಜಾತಿಗೇ ಈ ದೋಷ ಇದೆ. ಕರಗಿ ಗಟ್ಟಿಯಾಗುವಾಗ ಬಿರುಕು ಬಿಡುತ್ತದೆ. ಅದಕ್ಕೇ ಇದನ್ನು ವೆಲ್ಡ್ ಮಾಡುವಾಗ ಬೇರೆ ಮಿಶ್ರಣದ ಫಿಲ್ಲರ್ ಕೊಡುತ್ತಾರೆ. ಜೊತೆಗೆ ಟಿ6 ಅನ್ನುವ ಗಟ್ಟಿತನ ಬಂದಿರುವುದೇ 160-175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ. ಅಂಚಿನಲ್ಲಿ ಅದನ್ನು ಮೀರಿದ ಶಾಖ ಬಿದ್ದರೆ ಆ ಗಟ್ಟಿತನ ಇಳಿಯುತ್ತದೆ. ಹೀಗೆ ಮೆತ್ತಗಾದ ಪಟ್ಟಿ ತೀರಾ ಕಿರಿದು. ಹೊರಗಿನ ಅಂಚಿಗೆ ಈ ಜಾಬ್‌ನಲ್ಲಿ ಪರವಾಗಿಲ್ಲ. ಥ್ರೆಡ್ ಕೂರುವ ಜಾಗದಲ್ಲಿ ಅದು ಇರಬಾರದು.

ಹಾಗಾಗಿ ಲೇಸರ್‌ನಲ್ಲಿ 2.6 ಮಿ.ಮೀ. ತೂತು ಮಾತ್ರ ಮಾಡಿ, ಆಮೇಲೆ 3.3 ಡ್ರಿಲ್ ಹಾಕಿದೆವು. ಸುತ್ತಲೂ 0.35 ಮಿ.ಮೀ. ಗೋಡೆ ಹೋಯಿತು. ಕೆಟ್ಟ ಪದರವೂ ಅದರ ಜೊತೆ ಹೋಯಿತು. ಡ್ರಿಲ್ ಬಿಟ್ ಲೇಸರ್ ತೂತನ್ನೇ ಹಿಡಿದು ಇಳಿಯುವುದರಿಂದ ಜಾಗ ತಪ್ಪಲಿಲ್ಲ. ಅಣ್ಣ ಮೊದಲ ತೂತಿಗೆ ಟ್ಯಾಪ್ ಇಳಿಸಿ ತಲೆ ಎತ್ತಿ ನೋಡಿದರು. "ಈಗ ಹೋಯ್ತು ನೋಡಿ ಬೆಣ್ಣೆ ಹಾಗೆ." 320ಕ್ಕೆ ಒಂದೇ ಟ್ಯಾಪ್ ಸೆಟ್ ಸಾಕಾಯಿತು. ಮೊದಲು ಕತ್ತರಿಸಿದ 110 ಪೀಸ್ ಮಾತ್ರ ಸ್ಕ್ರ್ಯಾಪ್‌ಗೆ ಹೋದವು. ತೂತು ಆಗಲೇ 3.3 ಇದ್ದದ್ದರಿಂದ ತೆಗೆಯಲು ಲೋಹವೇ ಉಳಿದಿರಲಿಲ್ಲ.

ನಡುವೆ ಬಂದ ಹೊಗೆ

ಅಲ್ಯೂಮಿನಿಯಂ ಮುಗಿದ ಮಧ್ಯಾಹ್ನ ಒಂದು ಅರ್ಜೆಂಟ್ ಮೈಲ್ಡ್ ಸ್ಟೀಲ್ ಜಾಬ್ ಬಂತು. ಮಷೀನ್ ಖಾಲಿ ಇತ್ತು, ಹಾಕಿದೆವು. ಡಸ್ಟ್ ಕಲೆಕ್ಟರ್ ಡಬ್ಬಿಯನ್ನು ಯಾರೂ ಖಾಲಿ ಮಾಡಿರಲಿಲ್ಲ. ಅರ್ಧ ಗಂಟೆಯಲ್ಲಿ ಡಬ್ಬಿಯಿಂದ ಹೊಗೆ ಬರಲು ಶುರುವಾಯಿತು.

ಹೆಲ್ಪರ್ ಹುಡುಗ ಬಕೆಟ್‌ನಲ್ಲಿ ನೀರು ಹಿಡಿದು ಓಡಿ ಬಂದ. ಅಣ್ಣ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ನೀರು ಬೇಡ ಕಣೋ! ಇಡು ಕೆಳಗೆ!" ಬ್ಲೋವರ್ ಬಂದ್ ಮಾಡಿದರು. ಮೂಲೆಯಲ್ಲಿದ್ದ ಒಣ ಮರಳನ್ನು ಸಲಿಕೆಯಲ್ಲಿ ಮೆತ್ತಗೆ, ಪುಡಿ ಏಳದ ಹಾಗೆ ಸುರಿದರು. ಎಲ್ಲರನ್ನೂ ಹೊರಗೆ ಕಳಿಸಿದರು. ಬೆಂಕಿ ಏಳಲಿಲ್ಲ.

ಇದನ್ನು ದಯವಿಟ್ಟು ಎಲ್ಲರೂ ಗಮನಿಸಬೇಕು. ಅಲ್ಯೂಮಿನಿಯಂ ಪುಡಿ ಉರಿಯುತ್ತದೆ, ಗಾಳಿಯಲ್ಲಿ ಹರಡಿದ್ದರೆ ಸಿಡಿಯುತ್ತದೆ. ಸ್ಟೀಲ್ ಕತ್ತರಿಸಿದಾಗ ಬರುವ ಪುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಎರಡೂ ಸೇರಿದರೆ ಅದು ಥರ್ಮೈಟ್ ಮಿಶ್ರಣ, ರೈಲು ಹಳಿ ಬೆಸೆಯಲು ಬಳಸುವ ಅದೇ ಮಿಶ್ರಣ. ಅದರ ಮೇಲೆ ಸ್ಟೀಲ್ ಕಿಡಿ ಬಿದ್ದರೆ ಏನಾಗಬಹುದು ಯೋಚಿಸಿ. ಉರಿಯುವ ಅಲ್ಯೂಮಿನಿಯಂ ಅಥವಾ ಟೈಟಾನಿಯಂ ಮೇಲೆ ನೀರು ಹಾಕಿದರೆ ಹೈಡ್ರೋಜನ್ ಹುಟ್ಟುತ್ತದೆ, ಬೆಂಕಿ ಇನ್ನೂ ಜೋರಾಗುತ್ತದೆ. ಲೋಹದ ಬೆಂಕಿಗೆ ಬೆಂಕಿ ಆರಿಸುವ ಡಿ ವರ್ಗದ ಪುಡಿ ಅಥವಾ ಚೆನ್ನಾಗಿ ಒಣಗಿದ ಮರಳು ಮಾತ್ರ. ಅವತ್ತು ನಮ್ಮ ಶಾಪ್ ಉಳಿದದ್ದು ಅಣ್ಣನಿಂದ. ಅವರು ಎಷ್ಟೋ ವರ್ಷದ ಹಿಂದೆ ಬೇರೆ ಕಡೆ ಇಂಥದ್ದೊಂದು ನೋಡಿದ್ದರಂತೆ. ಈಗ ಲೋಹ ಬದಲಾದರೆ ಡಬ್ಬಿ, ಡಕ್ಟ್ ಎರಡೂ ಸ್ವಚ್ಛ ಮಾಡದೆ ಪ್ರೋಗ್ರಾಂ ಕೊಡುವುದಿಲ್ಲ.

ಟೈಟಾನಿಯಂ: ಎಲ್ಲರೂ ಮೆಚ್ಚಿದ ಅಂಚು

ಅಲ್ಯೂಮಿನಿಯಂ ಅನ್ನು ಸಾರಜನಕ ಉಳಿಸಿತ್ತು. ಅದೇ ಉತ್ಸಾಹದಲ್ಲಿ ಟೈಟಾನಿಯಂಗೂ ಸಾರಜನಕವೇ ಹಾಕಿದೆ. ಸಾರಜನಕ ಅಂದರೆ ಜಡ ಗ್ಯಾಸ್, ಸ್ಟೇನ್‌ಲೆಸ್‌ಗೂ ಅದೇ ಹಾಕುತ್ತೇವೆ, ಇನ್ನೇನು ಅಂತ ನನ್ನ ಲೆಕ್ಕ. ಆ ಲೆಕ್ಕವೇ ತಪ್ಪು.

ಕಟ್ ಮಾತ್ರ ಬಹಳ ಚೆನ್ನಾಗಿ ಬಂತು. ಬರ್ ಇಲ್ಲವೇ ಇಲ್ಲ ಅನ್ನುವಷ್ಟು. ಅಂಚು ಪೂರ್ತಿ ಚಿನ್ನದ ಬಣ್ಣ. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಕಟ್ಟು ಹಾಕಿಸಿದ ಫೋಟೋ ಫ್ರೇಮ್ ಹಾಗೆ ಮಿಂಚುತ್ತಿತ್ತು. ನಮ್ಮ ಯಜಮಾನರು ಒಂದು ಪೀಸ್ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಆಫೀಸಲ್ಲಿ ಶೋಗೆ ಇಡಬೇಕು" ಅಂದರು. 40 ಪೀಸೂ ಒಂದೇ ಸಲಕ್ಕೆ ಕತ್ತರಿಸಿ ಮುಗಿಸಿದೆವು.

ಬೆಂಡಿಂಗ್‌ನಲ್ಲಿ ಮೊದಲ ಪೀಸ್ 60 ಡಿಗ್ರಿ ಬರುವಾಗ ಸಣ್ಣ ಸದ್ದು. ಹೊರಬದಿಯ ಮೂಲೆಯಲ್ಲಿ, ಸರಿಯಾಗಿ ಕತ್ತರಿಸಿದ ಅಂಚಿಂದಲೇ, ಒಂದು ಬಿರುಕು ಒಳಕ್ಕೆ ಓಡಿತ್ತು. ಎರಡನೆಯದೂ ಹಾಗೇ. ಆರು ಪೀಸ್ ಬಗ್ಗಿಸಿದೆವು, ಐದು ಬಿರುಕು ಬಿಟ್ಟವು. ಬೆಂಡ್ ರೇಡಿಯಸ್ 8 ಮಿ.ಮೀ., ಅಂದರೆ ದಪ್ಪದ ಐದು ಪಟ್ಟು. ಗ್ರೇಡ್ 5 ಟೈಟಾನಿಯಂ ಇಷ್ಟಕ್ಕೆ ತಣ್ಣಗೇ ಬಗ್ಗಬೇಕು.

ಉತ್ತರ ನಮ್ಮ ಟೂಲ್ ಡಬ್ಬಿಯಲ್ಲೇ ಇತ್ತು. ಚಿನ್ನದ ಬಣ್ಣದ ಡ್ರಿಲ್ ಬಿಟ್ ಎಲ್ಲ ಶಾಪ್‌ನಲ್ಲೂ ಇರುತ್ತವೆ. ಆ ಬಣ್ಣ ಟೈಟಾನಿಯಂ ನೈಟ್ರೈಡ್ ಕೋಟಿಂಗ್‌ನದು. ಬಿಟ್ ಬೇಗ ಸವೆಯದಿರಲಿ ಅಂತ ಕೆಲವೇ ಮೈಕ್ರಾನ್ ದಪ್ಪಕ್ಕೆ ಹಾಕಿರುತ್ತಾರೆ. ಬಹಳ ಗಡಸು, ಆದರೆ ಬಾಗುವುದಿಲ್ಲ, ಗಾಜಿನ ಹಾಗೆ ಒಡೆಯುತ್ತದೆ. ಅದನ್ನೇ ನಾನು 14 ಬಾರ್ ಒತ್ತಡದಲ್ಲಿ, ಕರಗಿದ ಟೈಟಾನಿಯಂ ಮೇಲೆ ಸಾರಜನಕ ಊದಿ, ಪ್ರತಿ ಕ್ಲಿಪ್‌ನ ಸುತ್ತಲೂ ತಯಾರು ಮಾಡಿದ್ದೆ.

ಸಾರಜನಕ ಸ್ಟೇನ್‌ಲೆಸ್‌ಗೆ ಹೆಚ್ಚು ಕಡಿಮೆ ಜಡ. ಟೈಟಾನಿಯಂಗೆ ಅಲ್ಲ. ಸಾರಜನಕದಲ್ಲೂ ಉರಿಯಬಲ್ಲ ಕೆಲವೇ ಲೋಹಗಳಲ್ಲಿ ಟೈಟಾನಿಯಂ ಒಂದು, ಅದೂ ಸುಮಾರು 800 ಡಿಗ್ರಿಯಲ್ಲಿ. ನಮ್ಮ ಕಟ್ ಲೈನ್‌ನಲ್ಲಿ ಗ್ರೇಡ್ 5 ಕರಗಬೇಕಾದರೆ 1,600 ಡಿಗ್ರಿ ದಾಟಲೇಬೇಕು. ಇದರ ಶಾಖವಾಹಕತೆಯೂ ತೀರಾ ಕಡಿಮೆ, ಸುಮಾರು 7. ಅಲ್ಯೂಮಿನಿಯಂನ 167ರ ಪಕ್ಕ ಇಟ್ಟು ನೋಡಿ. ಅಲ್ಲಿ ಶಾಖ ಓಡಿಹೋಗುತ್ತದೆ ಅಂತ ಒದ್ದಾಡಿದೆವು. ಇಲ್ಲಿ ಶಾಖ ಅಂಚು ಬಿಟ್ಟು ಕದಲುವುದೇ ಇಲ್ಲ. ಅಂಚು ಜಾಸ್ತಿ ಹೊತ್ತು ಕೆಂಪಗೇ ಇರುತ್ತದೆ, ಅಷ್ಟು ಹೊತ್ತೂ ಗ್ಯಾಸ್ ಕುಡಿಯುತ್ತಲೇ ಇರುತ್ತದೆ. ಆಮ್ಲಜನಕ ಒಳಗೆ ಸೇರಿದರೂ ಇದೇ ಗತಿ. ಮೇಲ್ಪದರ ಗಡಸಾಗಿ ಬಿರುಕಿಗೆ ದಾರಿ ಕೊಡುತ್ತದೆ. ವಿಮಾನದ ಕೆಲಸ ಮಾಡುವವರು ಇದನ್ನು ಆಲ್ಫಾ ಕೇಸ್ ಅನ್ನುತ್ತಾರೆ.

ಪಕ್ಕದ ರಸ್ತೆಯ ಲ್ಯಾಬ್‌ಗೆ ಒಂದು ತುಂಡು ಕಳಿಸಿದೆವು. ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ಆಸಿಡ್ ಹಾಕಿ ತೋರಿಸಿದರು. ಅಂಚಿಗೆ ಹತ್ತಿ ಬಿಳಿ ಗೆರೆ ಹಾಗೆ ಒಂದು ಪದರ, ಅದರಿಂದ ಒಳಕ್ಕೆ ಇಳಿದ ಬಿರುಕಿನ ಬೇರು. ಒಳಗಿನ ಲೋಹದ ಗಡಸುತನ ವಿಕರ್ಸ್ ಮಾಪನದಲ್ಲಿ 350ರ ಆಸುಪಾಸು, ಇರಬೇಕಾದಷ್ಟೇ. ಅಂಚಿನಲ್ಲಿ ಅದರ ದುಪ್ಪಟ್ಟಿಗೂ ಜಾಸ್ತಿ.

ಕಷ್ಟದ ಕೆಲಸ ಗ್ರಾಹಕರಿಗೆ ಹೇಳುವುದಾಗಿತ್ತು. ಶೀಟ್ ಅವರೇ ಕೊಟ್ಟದ್ದು. ಅಂಚಿಂದ ಅರ್ಧ ಮಿ.ಮೀ. ಮಿಲ್ ಮಾಡಿ ಉಳಿಸೋಣ ಅಂದರೆ ಡ್ರಾಯಿಂಗ್‌ನಲ್ಲಿ ಅಷ್ಟು ಜಾಗ ಇಲ್ಲ. ಇನ್ನೂ ಬಗ್ಗಿಸದ 34 ಪೀಸಿನ ಚಿನ್ನದ ಬಣ್ಣವನ್ನು ಅರ ಹಾಕಿ ಅಳಿಸಿ ಕೊಟ್ಟುಬಿಡಬಹುದಲ್ಲ ಅಂತ ಶಾಪ್‌ನಲ್ಲಿ ಒಂದು ಮಾತು ಬಂತು. ಬಣ್ಣ ಹೋಗುತ್ತಿತ್ತು, ಬಿರುಕು ಉಳಿಯುತ್ತಿತ್ತು. ಯಜಮಾನರು ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರು. ಲ್ಯಾಬ್ ಫೋಟೋ ಕಳಿಸಿದೆವು. ಎರಡನೇ ಶೀಟಿನ ದುಡ್ಡು ನಾವೇ ಕೊಟ್ಟೆವು. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ಎರಡನೇ ಶೀಟ್‌ಗೆ ಆರ್ಗಾನ್ ತರಿಸಿದೆವು. ಗಾಳಿಯಲ್ಲಿ ಆರ್ಗಾನ್ ನೂರಕ್ಕೆ ಒಂದು ಭಾಗಕ್ಕಿಂತ ಕಡಿಮೆ. ಬೇರ್ಪಡಿಸಿ ತೆಗೆಯಬೇಕು, ಹಾಗಾಗಿ ಸಾರಜನಕಕ್ಕಿಂತ ದುಬಾರಿ. ಆದರೆ ಅದು ಎಷ್ಟು ಬಿಸಿಯಾದರೂ ಟೈಟಾನಿಯಂ ಜೊತೆ ಸೇರುವುದಿಲ್ಲ. ಮೊದಲ ಟ್ರಯಲ್‌ನಲ್ಲೂ ಅಂಚು ಹಳದಿ! ಎಲ್ಲರಿಗೂ ಎದೆ ಧಸಕ್ ಅಂತು. ಸಿಲಿಂಡರ್ ಬದಲಾಯಿಸಿದ್ದೆವು, ಹೋಸ್‌ನಲ್ಲಿ ಹಳೆಯ ಸಾರಜನಕ ಹಾಗೇ ಕೂತಿತ್ತು. ಎರಡು ನಿಮಿಷ ಸುಮ್ನೆ ಆರ್ಗಾನ್ ಬಿಟ್ಟು ಲೈನ್ ತೊಳೆದ ಮೇಲೆ ಅಂಚು ಬೆಳ್ಳಿ ಬಣ್ಣಕ್ಕೆ ಬಂತು. ಕೆಳಬದಿಯಲ್ಲಿ, ಶೀಟ್ ಹೊರುವ ಸ್ಲ್ಯಾಟ್ ಪಟ್ಟಿಗಳ ನಡುವಿನ ಗಾಳಿ ತಾಗುವ ಕಡೆ, ಅಲ್ಲಲ್ಲಿ ತಿಳಿ ಒಣಹುಲ್ಲಿನ ಬಣ್ಣ ಉಳಿಯಿತು. ಬೆಂಡ್ ಬರುವ ಜಾಗದಲ್ಲಿ ಅಂಚಿನ ಉದ್ದಕ್ಕೇ ಅರ ಎಳೆದು ಅದನ್ನೂ ತೆಗೆದು ಮೂಲೆ ದುಂಡಗೆ ಮಾಡಿದೆವು. ಉದ್ದಕ್ಕೇ ಎಳೆಯಬೇಕು. ಅಡ್ಡ ಎಳೆದರೆ ಅರದ ಗೀರೇ ಬಿರುಕಿನ ಬೀಜ. ಬೆಂಡ್ ಲೈನ್ ಶೀಟಿನ ರೋಲಿಂಗ್ ದಿಕ್ಕಿಗೆ ಅಡ್ಡ ಬರುವ ಹಾಗೆ ನೆಸ್ಟಿಂಗ್ ಕೂಡ ಬದಲಾಯಿಸಿದೆ. ಬಗ್ಗಿಸಿ ಬಿಟ್ಟರೆ ಟೈಟಾನಿಯಂ ಸ್ಪ್ರಿಂಗ್ ಹಾಗೆ ವಾಪಸ್ ಬರುತ್ತದೆ. ಅದಕ್ಕೆ ಕೆಲವು ಡಿಗ್ರಿ ಜಾಸ್ತಿ ಬಗ್ಗಿಸಿದೆವು. 40ಕ್ಕೆ 40 ಬಿರುಕಿಲ್ಲದೆ ಬಂದವು.

ಆರ್ಗಾನ್ ಗಾಳಿಗಿಂತ ಭಾರ. ಸೋರಿದರೆ ಕೆಳಗೆ, ಮಷೀನ್ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಉಸಿರು ಕಟ್ಟುವುದು ಗೊತ್ತೂ ಆಗುವುದಿಲ್ಲ. ಸ್ಲ್ಯಾಟ್ ಕೆಳಗೆ ಇಳಿಯುವ ಹುಡುಗರಿಗೆ ಇದನ್ನು ಬಿಡಿಸಿ ಹೇಳಲೇಬೇಕು.

2,400 ತೂತು

ಮೂರನೇ ಐಟಂನಲ್ಲಿ ನಾವು ಗೆಲ್ಲಲಿಲ್ಲ. ಅದನ್ನೂ ಹೇಳಬೇಕು.

ಅರ್ಧ ಮಿ.ಮೀ. ಬಿಟ್‌ನಲ್ಲಿ ಟೈಟಾನಿಯಂ ಕೊರೆದರೆ ಬಿಟ್ ಮುರಿಯುತ್ತಲೇ ಇರುತ್ತದೆ. ಅದಕ್ಕೇ ಲೇಸರ್. ಆದರೆ ನಮ್ಮ ಕಟಿಂಗ್ ಮಷೀನ್‌ನಲ್ಲಿ ಇಷ್ಟು ಸಣ್ಣ ತೂತನ್ನು ಸುತ್ತು ಹಾಕಿ ಕತ್ತರಿಸುವುದು ನೆಟ್ಟಗಾಗುವುದಿಲ್ಲ. ಒಂದೇ ಜಾಗದಲ್ಲಿ ಪಲ್ಸ್ ಮೇಲೆ ಪಲ್ಸ್, ಅಂದರೆ ಬೀಮ್ ಅನ್ನು ಬಿಟ್ಟು ಬಿಟ್ಟು, ಹೊಡೆದು ತೂರಿಸಬೇಕು. ಪರ್ಕಷನ್ ಡ್ರಿಲ್ಲಿಂಗ್ ಅಂತ ಅದಕ್ಕೆ ಹೆಸರು. ನಮ್ಮ ಲೇಸರ್ ಮೂಲತಃ ನಿರಂತರ ಬೀಮ್‌ನದು, ಪಲ್ಸ್ ಮಾಡಿದರೂ ಅದರ ಪೀಕ್ ಪವರ್, ಅಂದರೆ ಆ ಕ್ಷಣದ ಗರಿಷ್ಠ ಪವರ್, ಏರುವುದಿಲ್ಲ. ಲೋಹ ಆವಿಯಾಗಿ ಚಿಮ್ಮುವ ಬದಲು ಕರಗಿ ನಿಧಾನವಾಗಿ ಉಕ್ಕುತ್ತಿತ್ತು. ಮೇಲೆ ತೂತಿನ ಸುತ್ತ ಬಳೆ ಹಾಗೆ ಲೋಹ ಮೆತ್ತಿಕೊಳ್ಳುತ್ತಿತ್ತು. ತೂತಿನ ಮೇಲ್ಬಾಯಿ 0.7 ಮಿ.ಮೀ., ಕೆಳಬಾಯಿ 0.4. ಸಾಲಾಗಿ ಹೊಡೆಯುತ್ತಾ ಹೋದಾಗ ಶಾಖ ಒಂದೆಡೆ ಸೇರಿ ತಟ್ಟೆ ಹಪ್ಪಳದ ಹಾಗೆ ಉಬ್ಬಿತು.

ಉಬ್ಬುವುದಕ್ಕೆ ಒಂದು ಉಪಾಯ ಸಿಕ್ಕಿತು. ಅಕ್ಕಪಕ್ಕದ ತೂತನ್ನು ಒಂದರ ಹಿಂದೆ ಒಂದು ಹೊಡೆಯದೆ, ಐದು ಬಿಟ್ಟು ಆರನೆಯದಕ್ಕೆ ಹೋಗುವ ಹಾಗೆ ಪ್ರೋಗ್ರಾಂ ಬರೆದೆ. ಚುಕ್ಕಿ ಇಟ್ಟಲ್ಲೇ ಮತ್ತೆ ಇಡದೆ ಇಡೀ ಅಂಗಳ ಸುತ್ತಿ ಬಂದ ಹಾಗೆ. ತಟ್ಟೆ ಸಮತಟ್ಟಾಗಿ ಉಳಿಯಿತು. ಬಾಯಿ ಅಳತೆ ಮಾತ್ರ ಏನು ಮಾಡಿದರೂ ಸರಿಹೋಗಲಿಲ್ಲ.

ಇಂಥ ಕೆಲಸ ಆಗುವುದೇ ಇಲ್ಲ ಅಂತಲ್ಲ. 1995-96ರಲ್ಲಿ ನಾಸಾ ಎಫ್-16ಎಕ್ಸ್ಎಲ್ ವಿಮಾನದ ರೆಕ್ಕೆಗೆ ಟೈಟಾನಿಯಂ ಹೊದಿಕೆ ಹಾಕಿ ಹಾರಿಸಿತ್ತು. ಅದರಲ್ಲಿ ಲೇಸರ್‌ನಿಂದ ಕೊರೆದ 1 ಕೋಟಿಗೂ ಹೆಚ್ಚು ತೂತುಗಳಿದ್ದವು. ಒಂದೊಂದೂ ಇಂಚಿನ ಸಾವಿರದಲ್ಲಿ ಎರಡೂವರೆ ಭಾಗ, ಅಂದರೆ ಹೆಚ್ಚು ಕಡಿಮೆ ತಲೆಗೂದಲಿನ ದಪ್ಪ. ರೆಕ್ಕೆಗೆ ಅಂಟಿ ಹರಿಯುವ ಗಾಳಿಯ ಪದರವನ್ನು ಆ ತೂತುಗಳ ಮೂಲಕ ಒಳಗೆ ಎಳೆದುಕೊಂಡು, ಗಾಳಿ ಕದಡದೆ ನಯವಾಗಿ ಹರಿಯುವ ಹಾಗೆ ಮಾಡುವುದು ಉದ್ದೇಶ. ನಾವು 2,400ಕ್ಕೆ ಬೆವರುತ್ತಿದ್ದಾಗ ಆ ಕೋಟಿ ತೂತುಗಳನ್ನು ನೆನೆದು ನನಗೆ ನಿಜಕ್ಕೂ ಮೈ ಜುಮ್ ಅಂತು.

ಕೊನೆಗೆ ಪಲ್ಸ್ ಲೇಸರ್ ಇರುವ ಇನ್ನೊಂದು ಶಾಪ್‌ಗೆ ಆ ತಟ್ಟೆ ಕಳಿಸಿದೆವು. ಅವರ ಮಷೀನ್‌ನ ಸರಾಸರಿ ಪವರ್ ನಮ್ಮದಕ್ಕಿಂತ ಎಷ್ಟೋ ಕಡಿಮೆ. ಆದರೆ ಪಲ್ಸ್‌ನ ಕ್ಷಣದಲ್ಲಿ ಆ ಸರಾಸರಿಯ ಹತ್ತು ಪಟ್ಟು ಏರುತ್ತದೆ. ಬೀಮ್ ಕೂಡ ಇನ್ನೂ ಸಣ್ಣ ಚುಕ್ಕಿಗೆ ಇಳಿಯುತ್ತದೆ. ಅಲ್ಲೂ ಆರ್ಗಾನ್ ಬೇಕು ಅಂತ ನಾವೇ ಮೊದಲು ಹೇಳಿದೆವು. ಸಿಡಿದ ಲೋಹ ಅಂಟದಿರಲಿ ಅಂತ ತಟ್ಟೆಯ ಮೇಲೆ ಲೇಪ ಹಚ್ಚಿ, ಮೊದಲು ನಡುವೆ ತೂರಿಸಿ ಆಮೇಲೆ ಸುತ್ತು ಹಾಕಿ ಅಳತೆಗೆ ತಂದರು. ನಾವು ತೂತು ಎಣಿಸಿ, ಹಿಂದಿನಿಂದ ಬೆಳಕು ಹಿಡಿದು ಮುಚ್ಚಿಕೊಂಡದ್ದು ಇದೆಯಾ ಅಂತ ನೋಡಿ ಪ್ಯಾಕ್ ಮಾಡಿದೆವು. ಏಳು ತೂತು ಮುಚ್ಚಿದ್ದವು, ವಾಪಸ್ ಕಳಿಸಿ ತೆಗೆಸಿದೆವು.

ಒಟ್ಟು ಆರ್ಡರ್ ಮೂರು ವಾರ ತಡವಾಗಿ ಹೋಯಿತು. ಲೆಕ್ಕ ಹಾಕಿದರೆ ದುಡ್ಡು ಉಳಿಯಲಿಲ್ಲ. ಗ್ರಾಹಕರು ಮಾತ್ರ ಉಳಿದರು.

ಕಳೆದ ತಿಂಗಳು ಅವರಿಂದಲೇ 2 ಮಿ.ಮೀ. ಮೆಗ್ನೀಸಿಯಂ ಶೀಟ್‌ಗೆ ಎನ್‌ಕ್ವೈರಿ ಬಂತು. ಅಲ್ಯೂಮಿನಿಯಂಗಿಂತಲೂ ಹಗುರ, ಬೆಂಕಿಯ ವಿಷಯದಲ್ಲಿ ಇನ್ನೂ ಅಪಾಯ. ಡ್ರಾಯಿಂಗ್ ಟೇಬಲ್ ಮೇಲೆ ಹರಡಿದ್ದೆ. ಅಣ್ಣ ಟೀ ಲೋಟ ಹಿಡಿದು ಬಂದು ಬಗ್ಗಿ ನೋಡಿದರು. ದಪ್ಪ ಕೇಳಲಿಲ್ಲ, ಎಷ್ಟು ಪೀಸ್ ಅಂತಲೂ ಕೇಳಲಿಲ್ಲ.

"ಸಾರ್, ಇದಕ್ಕೆ ಯಾವ ಗ್ಯಾಸ್? ಪುಡಿ ಎಲ್ಲಿ ಹೋಗುತ್ತೆ?"

ನಾವಿನ್ನೂ ರೇಟ್ ಕೊಟ್ಟಿಲ್ಲ. ಪುಡಿಗೆ ಬೆಂಕಿ ಹತ್ತುವ ಮೊದಲೇ ಅದನ್ನು ನೀರಿನಲ್ಲಿ ಹಿಡಿಯುವ ಬೇರೆ ಕಲೆಕ್ಟರ್‌ಗೆ ಕೊಟೇಶನ್ ಕೇಳಿದ್ದೇವೆ. ಅದು ಬಂದು ಕೂತ ಮೇಲೆ ಮುಂದಿನ ಮಾತು.